ಯೂಸುಫ್ ಸಾಹೇಬರ ಪಿಸುಮಾತು

ಯೂಸುಫ್ ಸಾಹೇಬರು ಪಿಸುಗುಟ್ಟಿದರೆ ನಾಲ್ಕನೇ ಸಾಲಿನವರಿಗೂ ಕೇಳುತ್ತಿತ್ತು. ಸೌದಿಯ ರಾಬಿಗ್‌ನ ನಮ್ಮ ಕಾರ್ಖಾನೆಯಲ್ಲಿ ಅವರ ಉದ್ಯೋಗವೇ ಅದು. ಅಧಿಕಾರಿ ಇಂಗ್ಲಿಷಿನಲ್ಲಿ ಸುರಕ್ಷತೆಯ ಪಾಠ ಹೇಳುತ್ತಿದ್ದರೆ, ಇವರು ಮೂಲೆಯಲ್ಲಿ ಕುಳಿತು ಪುಟ್ಟ ಮೈಕಿಗೆ ಬಾಯಿ ಹಚ್ಚಿ ಹಿಂದಿಯಲ್ಲಿ ಪಿಸುಗುಟ್ಟುವರು. ಕಾರ್ಮಿಕರ ಹೆಡ್‌ಫೋನಿಗೆ ಅದು ಬರುತ್ತಿತ್ತು. ಹೆಡ್‌ಫೋನ್ ಇಲ್ಲದವರಿಗೂ ಬರುತ್ತಿತ್ತು.

ದುಂಡಗಿನ ಆಸಾಮಿ, ತಲೆಯ ಮೇಲೆ ಕೆಂಪು ಟೋಪಿ. ಹಿಂದಿ ಕಲಿತದ್ದು ಗಲ್ಫಿಗೆ ಬಂದ ಮೇಲೆ; ಊರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಮನೆಮಾತು ಆಫ್ರಿಕಾನ್ಸ್. ಅದು ಬಿಳಿಯರ ಭಾಷೆಯಲ್ಲವೇ ಎಂದು ನಾನು ಕೇಳಿದ್ದಕ್ಕೆ, “ನನ್ನ ಅಜ್ಜಿ ಅದರಲ್ಲೇ ಬೈತಿದ್ದಳು. ಬಿಳಿಯರಿಗೆ ಅಷ್ಟು ಚೆನ್ನಾಗಿ ಬೈಲಿಕ್ಕೆ ಬರೋದಿಲ್ಲ” ಎಂದಿದ್ದರು.

ಅವರ ಕಸುಬಿಗೊಂದು ಕಟ್ಟುನಿಟ್ಟು ಇತ್ತು. ಮಾತಾಡಿದವನು ‘ನಾನು’ ಎಂದರೆ ಇವರೂ ‘ನಾನು’ ಎನ್ನಬೇಕು. ಹೇಳಿದ್ದನ್ನು ಬಿಡಬಾರದು, ಹೇಳದ್ದನ್ನು ಸೇರಿಸಬಾರದು. ಉಪ್ಪಿನಂಗಡಿಯ ಹಮೀದ್ ಒಮ್ಮೆ ಫೋರ್ಕ್‌ಲಿಫ್ಟನ್ನು ಗೇಟಿಗೆ ಗುದ್ದಿದಾಗ ಮ್ಯಾನೇಜರ್ ಕಿರುಚಾಡಿದ. ಸಾಹೇಬರು ಹಮೀದನ ಕಿವಿಯಲ್ಲಿ ತಣ್ಣಗೆ, “ನಾನು ನಿನ್ನನ್ನು ಊರಿಗೆ ಅಟ್ಟುತ್ತೇನೆ” ಎಂದರು. ಹಮೀದನಿಗೆ ಪಿತ್ತ ನೆತ್ತಿಗೇರಿತು. “ನೀವ್ಯಾರು ಮಾರಾಯ್ರೆ ನನ್ನನ್ನು ಅಟ್ಲಿಕ್ಕೆ? ತಾಕತ್ತಿದ್ರೆ ಅಟ್ಟಿ, ನೋಡುವ!” ಎಂದು ಹಿಂದಿಯಲ್ಲಿ ಸಾಹೇಬರ ಮೇಲೇ ಹರಿಹಾಯ್ದ. ಸಾಹೇಬರು ಒಂದಕ್ಷರವೂ ಬಿಡದೆ ಅದನ್ನು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಬೈದದ್ದು ಸಾಹೇಬರಿಗೆಂದು ತಿಳಿದು ಮ್ಯಾನೇಜರಿಗೆ ನಗು ಬಂದದ್ದರಿಂದ ಹಮೀದ್ ಬಚಾವಾದ.

ಈ ವಿದ್ಯೆ ಅವರಿಗೆ ಬಂದದ್ದು ತಮ್ಮ ದೇಶದ ಒಂದು ವಿಶ್ವವಿದ್ಯಾಲಯದಿಂದ. ಒಂದು ಕಾಲಕ್ಕೆ ಅಲ್ಲಿ ಪಾಠ, ಪರೀಕ್ಷೆ, ಜವಾನನ ಗದರಿಕೆ ಎಲ್ಲವೂ ಆಫ್ರಿಕಾನ್ಸಿನಲ್ಲೇ. “ನನ್ನಪ್ಪನದ್ದೂ ಅದೇ ಭಾಷೆ. ಆದರೆ ಬಣ್ಣ ನೋಡಿ ಗೇಟಿನಲ್ಲೇ ತಡೀತಿದ್ದರು. ನನ್ನ ಕಾಲಕ್ಕೆ ಒಳಗೆ ಬಿಟ್ಟರು, ಅಷ್ಟರಲ್ಲಿ ಭಾಷೆಯೇ ಹೊರಡಲಿಕ್ಕೆ ಗಂಟುಮೂಟೆ ಕಟ್ಟಿತ್ತು” ಎನ್ನುತ್ತಿದ್ದರು. ಆಫ್ರಿಕಾನ್ಸ್ ಬಾರದ ಮಕ್ಕಳು ಸೇರತೊಡಗಿದಾಗ ಅವರ ಕಿವಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಲು ಇವರನ್ನು ಇಟ್ಟುಕೊಂಡರು. ಆಮೇಲೆ ಪಾಠವೇ ಇಂಗ್ಲಿಷಾಯಿತು. ಇವರು ಉಲ್ಟಾ ಆಫ್ರಿಕಾನ್ಸಿನಲ್ಲಿ ಪಿಸುಗುಟ್ಟಿದರು. ಕೇಳುವವರ ಸಂಖ್ಯೆ ಕರಗಿತು, ವಿಶ್ವವಿದ್ಯಾಲಯದ ಹೆಸರೂ ಬದಲಾಯಿತು.

ಅಲ್ಲಿ ಅವರ ಕೆಲಸದ ಕೊನೆಯ ದಿನ ಹೆಡ್‌ಫೋನುಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದಿದ್ದವು, ಒಂದು ಮಾತ್ರ ಕಾಣೆ. ಹುಡುಕಿದರೆ ಅದು ಪಾಠ ಮಾಡುತ್ತಿದ್ದ ಮುದಿ ಪ್ರೊಫೆಸರರ ಕಿವಿಯಲ್ಲಿತ್ತು! “ನನ್ನ ಇಂಗ್ಲಿಷ್ ನನಗೇ ಅರ್ಥವಾಗೋದಿಲ್ಲ ಯೂಸುಫ್. ನಾನೇನು ಹೇಳ್ತಿದ್ದೇನೆ ಅಂತ ನಿನ್ನಿಂದ ತಿಳ್ಕೊಳ್ತಿದ್ದೆ” ಎಂದರಂತೆ ಪ್ರೊಫೆಸರರು. ಇದನ್ನು ಹೇಳುವಾಗಲೆಲ್ಲ ಸಾಹೇಬರು ಹೊಟ್ಟೆ ಕುಣಿಸಿ ನಗುತ್ತಿದ್ದರು. “ಒಬ್ಬ ಕೇಳಿದರೂ ಸಾಕು. ಯಲ್ಲಾ, ನಡಿ, ಪಿಸುಗುಟ್ಟಬಹುದು.”

ಕಳೆದ ವರ್ಷ ನಮ್ಮ ಕಾರ್ಖಾನೆಗೂ ಅದೇ ಗಾಳಿ ಬೀಸಿತು. ಇನ್ನು ತರಬೇತಿಯೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಎಂದ ಮ್ಯಾನೇಜರ್. ಹೆಡ್‌ಫೋನುಗಳು ಗೋದಾಮಿಗೆ ಹೋದವು, ಸಾಹೇಬರಿಗೆ ಫೈನಲ್ ಎಕ್ಸಿಟ್ ಬಂತು, ಅಂದರೆ ದೇಶ ಬಿಟ್ಟು ಹೋಗುವ ಕಾಗದ. ನನಗೆ ಸಿಟ್ಟು ಬಂತು. ಆದರೆ ಮ್ಯಾನೇಜರನ ಎದುರು ಬಾಯಿ ಬಿಡುವ ಧೈರ್ಯವಿರಲಿಲ್ಲ.

ಮ್ಯಾನೇಜರ್ ಒಬ್ಬನನ್ನು ಬಿಟ್ಟರೆ ಬೀಳ್ಕೊಡುಗೆಗೆ ಬಂದವರೆಲ್ಲ ನಮ್ಮ ಕರಾವಳಿಯವರೇ ಆದ್ದರಿಂದ ನಾನು ಕನ್ನಡದಲ್ಲಿ ಮಾತಾಡಿದೆ. ಹೊಸ ವ್ಯವಸ್ಥೆ ಒಳ್ಳೆಯದು, ಸಾಹೇಬರಿಗೆ ಶುಭವಾಗಲಿ ಎಂದು ಸಪ್ಪೆಯಾಗಿ ನಾಲ್ಕು ಮಾತು. “ಏನಂತೆ?” ಎಂದು ಮ್ಯಾನೇಜರ್ ಪಕ್ಕದಲ್ಲಿದ್ದ ಸಾಹೇಬರನ್ನು ಕೇಳಿದ. ಸಾಹೇಬರಿಗೆ ‘ಊಟ’, ‘ಎಂತ’, ‘ಮಾರಾಯ’ ಬಿಟ್ಟರೆ ಕನ್ನಡ ಬಾರದು. ಆದರೂ ಪಿಸುಗುಟ್ಟಿದರು, ಇಂಗ್ಲಿಷಿನಲ್ಲಿ, ಇಡೀ ಕೋಣೆಗೆ ಕೇಳುವಂತೆ: “ಹೆಡ್‌ಫೋನ್ ಕಿತ್ತುಕೊಂಡದ್ದು ದೊಡ್ಡ ತಪ್ಪು. ಈ ಮನುಷ್ಯ ಹೋಗುವುದು ನನಗೆ ಇಷ್ಟವಿಲ್ಲ. ನನಗೆ ಅಳು ಬರುತ್ತಿದೆ.”

ಮ್ಯಾನೇಜರ್ ನನ್ನತ್ತ ತಿರುಗಿ, “ಹೌದೇ? ನೀನು ಹೀಗೆ ಹೇಳಿದೆಯಾ?” ಎಂದ. ಸಾಹೇಬರು ಟೋಪಿ ಸರಿಪಡಿಸಿಕೊಳ್ಳುತ್ತ ಸೂರು ನೋಡುತ್ತಿದ್ದರು.

“ಹೌದು ಸರ್. ಅವರು ಹೇಳಿದ್ದೆಲ್ಲ ನಾನು ಹೇಳಿದ್ದೇ” ಎಂದೆ.

ಹೆಡ್‌ಫೋನುಗಳು ಮರಳಲಿಲ್ಲ. ಸಾಹೇಬರೂ ಹೋದರು. ಈಗ ತರಬೇತಿಯಲ್ಲಿ ಹಮೀದನ ಪಕ್ಕ ಕುಳಿತು ನಾನೇ ಅಷ್ಟಿಷ್ಟು ಪಿಸುಗುಟ್ಟುತ್ತೇನೆ. ಅವನಿಗೆ ಸಮಾಧಾನವಿಲ್ಲ. “ಎಂತ ಪಿಸುಗುಡ್ತೀರಿ ಮಾರಾಯ್ರೆ, ಒಂದೂ ಕೇಳುದಿಲ್ಲ. ಅವರದ್ದಾದ್ರೆ ಕ್ಯಾಂಟೀನಿಗೂ ಕೇಳ್ತಿತ್ತು.”