ಗಿರಣಿ ಕಾಕಾ ಕಾಯ್ದ ಫೋನು

ಹನ್ನೊಂದು ವರ್ಷಗಳ ಹಿಂದಿನ ಶ್ರಾವಣದ ಒಂದು ಬುಧವಾರ, ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ನಾನು ಹಿಟ್ಟಿನ ಗಿರಣಿಯ ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ ನಿಂತಿದ್ದೆ. ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಮೋಟಾರಿನ ಸ್ವಿಚ್ಚು ಬಲಗಡೆಯ ಗೋಡೆಯಲ್ಲಿ, ನನ್ನಿಂದ ನಾಲ್ಕು ಹೆಜ್ಜೆಗಿತ್ತು. ಇದನ್ನು ಆಮೇಲೆ ಹೋಗಿ ಅಳೆದು ನೋಡಿದ್ದೇನೆ. ಗಿರಣಿ ಕಾಕಾ ನನ್ನ ಎದುರಿಗಿದ್ದರು. ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು, ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಬಲಗೈ ಹೆಬ್ಬೆರಳೊಂದು ಮಾತ್ರ ಚೊಕ್ಕವಾಗಿತ್ತು. ಫೋನಿನ ಗುಂಡಿ ಒತ್ತುವ ಮುಂಚೆ ಅದನ್ನು ಧೋತರಕ್ಕೆ ಒರೆಸಿಕೊಳ್ಳುವುದು ಅವರ ರೂಢಿ.

ಆ ಊರು ತಾವರಗೇರಾದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ನಾನು ಆಗ ತಾವರಗೇರಾ ಶಾಖೆಯಲ್ಲಿ ಬ್ಯಾಂಕಿನ ಗುಮಾಸ್ತ. ತೊಂಬತ್ತೇಳರಲ್ಲಿ ಗಂಗಾವತಿಯಲ್ಲಿ ಕೆಲಸಕ್ಕೆ ಸೇರಿದಾಗ, ಒಬ್ಬರ ಖಾತೆಯನ್ನು ಇನ್ನೊಬ್ಬರು ನೋಡಬೇಕೆಂದರೆ ಕೌಂಟರ್ ದಾಟಿ ಬಂದು ನಮ್ಮ ಕಣ್ಣೆದುರೇ ದಪ್ಪ ಪುಸ್ತಕ ತೆರೆಯಬೇಕಿತ್ತು. ಬರಬರುತ್ತ ಖಾತೆಯೆಲ್ಲ ಕಂಪ್ಯೂಟರಿಗೆ ಹೋಯಿತು, ಅಲ್ಲಿಂದ ಜನರ ಫೋನಿಗೆ ಬಂತು. ಈ ಊರಲ್ಲಿ ಖಾತೆ ತೆರೆಯುವ ಶಿಬಿರ ನಡೆಸಿದಾಗ ಮೊಬೈಲ್ ನಂಬರ್ ಇಲ್ಲದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಹೆಣ್ಣುಮಕ್ಕಳ ಬಳಿ ಫೋನಿರಲಿಲ್ಲ.

"ಗಂಡನ ನಂಬರ್ ಹೇಳವ್ವ" ಎಂದೆ, ಸಾಲಿನಲ್ಲಿ ಮೊದಲು ನಿಂತವಳಿಗೆ.

ಅವಳು ನಕ್ಕಳು. "ಅವನ ನಂಬರ್ ಕೊಡಾದಾದ್ರ ಖಾತೆ ಯಾಕ ಬೇಕ್ರಿ ಸಾಹೇಬ್ರ? ರೊಕ್ಕಾನ ಅವನ ಕೈಯಾಗ ಕೊಟ್ಟು ಸುಮ್ಮನ ಮನ್ಯಾಗ ಕುಂಡ್ರತೀನಿ. ಗಿರಣಿ ಕಾಕಾಂದು ಬರಕೋರಿ."

ಹಿಂದೆ ನಿಂತವಳೂ ಅದನ್ನೇ ಹೇಳಿದಳು, ಅವಳ ಹಿಂದಿನವಳೂ. ಸಂಜೆಯ ಹೊತ್ತಿಗೆ ಮೂವತ್ತೊಂದು ಅರ್ಜಿಗಳಲ್ಲಿ ಒಂದೇ ನಂಬರಿತ್ತು. ಅದು ಸರಿಯಲ್ಲವೆಂದು ನನಗೆ ಗೊತ್ತಿತ್ತು. ಮೇಲಿನವರಿಗೆ ಅರ್ಜಿಗಳು ಬೇಕಿದ್ದವು, ಬರೆದುಕೊಂಡೆ.

ಕಾಕಾ ಅದನ್ನು ಒಂದು ಕೆಲಸವೆಂದೇ ಹೊತ್ತುಕೊಂಡರು. ತಮ್ಮ ಮಾತುಕತೆಗೆ ಬೇರೆ ನಂಬರ್ ತೆಗೆದುಕೊಂಡು, ಹಳೆಯದನ್ನು ಒಂದು ಸಣ್ಣ ಗುಂಡಿ ಫೋನಿಗೆ ಹಾಕಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಸ್ವಂತ ಮಗನಿಗೂ ಮುಟ್ಟಗೊಡುತ್ತಿರಲಿಲ್ಲ. ಸಂದೇಶ ಬಂದರೆ ಖಾತೆಯ ಕೊನೆಯ ನಾಲ್ಕು ಅಂಕಿ ನೋಡಿ ಯಾರದೆಂದು ಗುರುತು ಹಿಡಿಯುತ್ತಿದ್ದರು. ಒಂದನ್ನೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಹೆಣ್ಣುಮಗಳು ಜೋಳ ಬೀಸಲು ಬರುವತನಕ ಕಾಯುವುದು, ಬಂದಾಗ ಗಿರಣಿಯ ಗದ್ದಲದಲ್ಲಿ ಅವಳ ಕಿವಿಯ ಹತ್ತಿರ ಹೋಗಿ ಕೂಗಿ ಹೇಳುವುದು, ಹೇಳಿದ ಮೇಲೆ ಅಳಿಸುವುದು. ಬೀಸುವುದು ಏನೂ ಇಲ್ಲದಿದ್ದರೆ ಖಾಲಿ ಗಿರಣಿಯನ್ನೇ ಓಡಿಸುತ್ತಿದ್ದರು.

"ಕಲ್ಲು ಸವೆಯುವುದಿಲ್ಲವೇ ಕಾಕಾ?" ಎಂದು ಒಮ್ಮೆ ಕೇಳಿದೆ.

"ಸವೀಲಿ ಬಿಡ್ರಿ. ಕಲ್ಲು ಟಾಕಿ ಹೊಡಿಸಿ ಮತ್ತ ಹರಿತ ಮಾಡಬಹುದು. ಒಂದು ಸಲ ಮಂದಿ ಕಿವಿಗೆ ಬಿದ್ದದ್ದನ್ನ ಹೊರಳಿ ತಗಿಯಾಕಾಗಂಗಿಲ್ಲ."

ಹೆಣ್ಣುಮಕ್ಕಳು ಚಾಷ್ಟಿ ಮಾಡುತ್ತಿದ್ದರು. "ಕಾಕಾ, ನಂದೇನಾರ ಬಂದೈತೇನು?" "ಬಂದೈತಿ ಬೇ, ಫೋನಿಗೆ ಹಾಡು ಹಚ್ಚಿಸ್ಕೋ ಅಂತ ಕಂಪನಿಯಾಂವ ಅಂಗಲಾಚ್ಯಾನ." ಒಮ್ಮೆ ಯಾರೋ ಬ್ಯಾಂಕಿನವನೆಂದು ಸುಳ್ಳು ಹೇಳಿ, ಈಗ ಬಂದ ಆರಂಕಿ ಹೇಳಿ ಎಂದು ಫೋನಿನಲ್ಲಿ ಕಾಡಿದನಂತೆ. ಕಾಕಾ ಫೋನನ್ನು ತಿರುಗುವ ಕಲ್ಲಿನ ಹತ್ತಿರ ಹಿಡಿದು, "ಇಕಾ, ಹೇಳಾಕತ್ತೈತಿ, ಬರಕೋ" ಅಂದರಂತೆ.

ಬಿಗಿಯಾಗಿ ನಡೆದಿದ್ದ ಈ ಕ್ರಮವನ್ನು ಕೆಡಿಸಿದ್ದು ಕರೆಂಟು. ಒಬ್ಬಾಕೆಯ ಮಗಳು ಪಿಯುಸಿ ಪಾಸಾಗಿದ್ದಳು. ಆಕೆಯ ಗಂಡ ಮಗಳನ್ನು ತನ್ನ ಅಕ್ಕನ ಮಗನಿಗೆ ಕೊಡುವುದೆಂದು ಮಾತು ಮುಗಿಸಿದ್ದ. ತಾಯಿ ಮಾತ್ರ ಉದ್ಯೋಗ ಖಾತ್ರಿಯ ಕೂಲಿಯನ್ನು ಖಾತೆಯಲ್ಲೇ ಬಿಟ್ಟು, ಮಗಳನ್ನು ಕೊಪ್ಪಳದ ನರ್ಸಿಂಗ್ ಕಾಲೇಜಿಗೆ ಸೇರಿಸಲು ಕಾಯುತ್ತಿದ್ದಳು. ಕೊನೆಯ ಕೂಲಿ ಬಂದ ದಿನ ಕಾಕಾ ಎಂದಿನಂತೆ ಅವಳ ಕಿವಿಯಲ್ಲಿ ಕೂಗಿದರು. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ಆ ಮೌನದಲ್ಲಿ ಅವರ ದನಿಯೊಂದೇ ಉಳಿಯಿತು: "ಮಗಳ ನರ್ಸಿಂಗ್ ಫೀಗೆ ಸಾಕಾಕ್ಕೈತಿ ಯವ್ವಾ, ಗಂಡನ ಮುಂದ ಬಾಯಿ ಬಿಡಬ್ಯಾಡ!"

ಸಾಲಿನಲ್ಲಿ ಆ ಗಂಡನ ಅಕ್ಕ ಕುಳಿತಿದ್ದಳು. ಅರ್ಧ ಬೀಸಿದ ಹಿಟ್ಟಿನ ಡಬ್ಬಿ ಎತ್ತಿಕೊಂಡು, "ಉಳಿದದ್ದು ನಾಳೆ ಬೀಸಿಸ್ತೀನಿ ಕಾಕಾ, ಇವತ್ತಿಗಿಷ್ಟು ಸಾಕಾತು" ಎಂದು ಹೋದಳು.

ಇದನ್ನು ಕಾಕಾ ನನಗೆ ಸೋಮವಾರ ಬ್ಯಾಂಕಿಗೆ ಬಂದು ಹೇಳಿದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ನನ್ನ ನಂಬರ್ ಎಲ್ಲಾ ಖಾತೇದಾಗಿಂದ ತಗೀರಿ ಸಾಹೇಬ್ರ. ನನ್ನ ಬಾಯಿ ಇನ್ನ ನಂಬಂಗಿಲ್ಲ." ಬದಲಿಸಲು ಪ್ರತಿಯೊಬ್ಬಳ ಸಹಿ ಬೇಕಿತ್ತು, ಊರಿಗೇ ಹೋಗಬೇಕಿತ್ತು. ಮಂಗಳವಾರ ನಮ್ಮಲ್ಲಿ ತಪಾಸಣೆ. ಬುಧವಾರ ಬರುತ್ತೇನೆ ಎಂದೆ. ಮಂಗಳವಾರವೇ ರಜೆ ಕೇಳಬಹುದಿತ್ತು.

ಬುಧವಾರ ನಾನು ಅರ್ಜಿಗಳ ಕಟ್ಟು ಹಿಡಿದು ಒಳಗೆ ಕಾಲಿಟ್ಟಾಗ ಆ ಗಂಡ ಆಗಲೇ ಅಲ್ಲಿದ್ದ. ಗಿರಣಿ ಓಡುತ್ತಿತ್ತು. ಅಂಗನವಾಡಿಯ ಆಯಾ ಗೋಧಿ ಬೀಸಿಸುತ್ತ ಒಳಗಡೆ ಹಿಂದಿನ ಮೂಲೆಯಲ್ಲಿದ್ದಳು.

"ಆ ಫೋನ್ ಕೊಡು" ಎಂದು ಅವನು ಕೂಗಿದ.

"ಫೋನ್ ನಂದು ತಮ್ಮಾ. ಒಳಗಿಂದು ನಂದಲ್ಲ."

"ನನ್ನ ಹೇಣ್ತೀದು ನಂದಲ್ಲೇನು?"

"ಆಕೀನ ಕೇಳು. ಆಕಿ ಕೊಡು ಅಂದ್ರ ಕೊಡತೀನಿ."

ಅವನು ಅಂಗಿಗೆ ಕೈ ಹಾಕಿದ. ಕಾಕಾ ಬಲಗೈಯಿಂದ ಜೇಬು ಒತ್ತಿ ಹಿಡಿದರು. ಅವನು ಎರಡೂ ಕೈಯಿಂದ ಎದೆಗೆ ದಬ್ಬಿದ. ಕಾಕಾ ಎರಡು ಹೆಜ್ಜೆ ಹಿಂದೆ ಹೋದರು. ಎಡಗೈ ಆಸರೆ ಹುಡುಕುತ್ತ ಹಿಂದಕ್ಕೆ ಚಾಚಿತು, ಮೋಟಾರಿನಿಂದ ಗಿರಣಿಗೆ ಹೋಗುವ ಪಟ್ಟಾಕ್ಕೆ ಸಿಕ್ಕಿತು. ಮೊಣಕೈ, ಆಮೇಲೆ ಭುಜ. ಸ್ವಿಚ್ಚು ನನಗೆ ಹತ್ತಿರವಿತ್ತು. ಆರಿಸಿದವಳು ಆಯಾ. ಹಿಂದಿನ ಮೂಲೆಯಿಂದ ಓಡಿಬಂದು, ನನ್ನೆದುರೇ ಹಾದು, ಆರಿಸಿದಳು. ನನ್ನ ಕೈಯಲ್ಲಿ ಅರ್ಜಿಗಳು ಹಾಗೇ ಇದ್ದವು.

ಕೊಪ್ಪಳದ ಆಸ್ಪತ್ರೆಯಲ್ಲಿ ಎಡಗೈಯನ್ನು ಭುಜದವರೆಗೆ ತೆಗೆದರು. ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬಂದಾಗ ಕಾಕಾ, "ಕಾಲು ಜಾರಿತ್ರಿ. ಯಾರೂ ದಬ್ಬಿಲ್ಲ" ಎಂದರು. ಪೊಲೀಸರು ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಕೇಸಾದ್ರ ಫೋನ್ ಕೇಳತಾರ್ರಿ. ಅಳಿಸಿದ್ದನ್ನೂ ಹೊರಗ ತಗೀತಾರ ಅಂತ ನೀವಽ ಒಮ್ಮೆ ಹೇಳಿದ್ರಿ. ಕೋರ್ಟಿನ್ಯಾಗ ನಿಂತು ಮೂವತ್ತೊಂದು ಮಂದೀದು ಓದತಾರ. ಒಬ್ಬಾಕಿದು ಬಯಲಾಗಿದ್ದಕ್ಕ ಇಷ್ಟಾತು. ನೀವೂ ನೋಡಿಲ್ಲ ಅನ್ರಿ."

ನಾನು ನೋಡಿಲ್ಲ ಅಂದೆ. ಬೆನ್ನು ತಿರುಗಿಸಿ ನಿಂತಿದ್ದೆ ಎಂದು ಬರೆಸಿ ಸಹಿ ಮಾಡಿದೆ. ಆಯಾಳೂ ಹಾಗೇ ಹೇಳಿದಳು. ಇದರಲ್ಲಿ ಕಾಕಾ ಮಾಡಿದ್ದು ಸರಿಯೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ, ಸುಳ್ಳು ಹೇಳುವುದು ಆಗ ಸುಲಭವಾಗಿತ್ತು. ನಿಜ ಹೇಳಿದರೆ ಆ ನಂಬರ್ ಬರೆದುಕೊಂಡವರು ಯಾರೆಂಬ ಪ್ರಶ್ನೆಯೂ ಬರುತ್ತಿತ್ತು.

ಮೂರನೆಯ ದಿನ ಆ ತಾಯಿ, ಮಗಳು ಆಸ್ಪತ್ರೆಗೆ ಬಂದರು. ತಾಯಿಯ ಮೇಲ್ದುಟಿ ಒಡೆದಿತ್ತು. ಕಾಲೇಜಿನ ಫೀ ಅಂದೇ ಕೊನೆ, ಆನ್‌ಲೈನಿನಲ್ಲೇ ತುಂಬಬೇಕು. ಅವಳ ಖಾತೆಯ ನಂಬರ್ ಇನ್ನೂ ಬದಲಾಗಿರಲಿಲ್ಲ. ಮಗಳು ನನ್ನ ಫೋನಿನಲ್ಲಿ ಕಾರ್ಡಿನ ವಿವರ ತುಂಬಿದಳು. ಆರಂಕಿಯ ಸಂದೇಶ ಬಂದದ್ದು ಕಾಕಾರ ದಿಂಬಿನ ಕೆಳಗಿನ ಫೋನಿಗೆ. ಓದಿ ಹೇಳಲೇ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಹೆಬ್ಬೆರಳಿನಿಂದ ತಾವೇ ಗುಂಡಿ ಒತ್ತಿ ನೋಡಿ, ತಾಯಿಯನ್ನು ಬಾಗು ಎಂದು ಸನ್ನೆ ಮಾಡಿ, ಅವಳ ಕಿವಿಯಲ್ಲಿ ಹೇಳಿದರು. ಅವಳು ಮಗಳ ಕಿವಿಯಲ್ಲಿ ಹೇಳಿದಳು, ಮಗಳು ಅದನ್ನು ಒತ್ತಿ ಫೀ ತುಂಬಿದಳು. ಬ್ಯಾಂಕಿನವನಾದ ನಾನು ಮಂಚದ ಕಾಲ ಬಳಿ ನಿಂತಿದ್ದೆ. ನನಗೆ ಕೇಳಿಸಲಿಲ್ಲ.

ಐದನೆಯ ದಿನ ಮಧ್ಯಾಹ್ನ, ಗಾಯಕ್ಕೆ ನಂಜೇರಿ, ಕಾಕಾ ತೀರಿಕೊಂಡರು.

ಮೂವತ್ತೊಂದು ಖಾತೆಗಳ ನಂಬರನ್ನೂ ನಾನೇ ಒಂದೊಂದಾಗಿ ಬದಲಿಸಿದೆ. ಫೋನನ್ನು ಅವರ ಮಗ ನನ್ನೆದುರು ಕುಟ್ಟಿ ಪುಡಿ ಮಾಡಿದ. ಇದನ್ನು ಬರೆಯುವ ಮುಂಚೆ ಆ ತಾಯಿಯನ್ನು ಕೇಳಿದೆ. "ನನ್ನ ಹೆಸರು ಬ್ಯಾಡ್ರಿ, ಮಗಳದಂತೂ ಬ್ಯಾಡ. ಆದರ ಕಾಕಾ ಕಾಲು ಜಾರಿ ಸತ್ತ ಅಂತ ಊರಾಗ ಈಗೂ ಅಂತಾರ. ಅದು ಸುಳ್ಳು ಅಂತ ಬರೀರಿ" ಎಂದಳು.

ಅದು ಸುಳ್ಳು. ದಬ್ಬಿದ್ದನ್ನು ಕಂಡವರು ನನ್ನ ಹೊರತು ಒಬ್ಬಳೇ. ಅಂಗನವಾಡಿಯ ಆ ಆಯಾ ಬದುಕಿದ್ದಾಳೆ, ಈಗ ಕುಷ್ಟಗಿಯಲ್ಲಿ ಮಗಳ ಮನೆಯಲ್ಲಿರುತ್ತಾಳೆ. ದಬ್ಬಿದವನೂ ಬದುಕಿದ್ದಾನೆ, ಅದೇ ಊರಲ್ಲಿ. ನಾನು ಯಲಬುರ್ಗಾದಲ್ಲಿದ್ದೇನೆ.