ಹಿಟ್ಟಿನ ಪಕ್ಕದ ನೊಣಗಳು

ನಮ್ಮ ಅತ್ತೆಗೆ ನೊಣ ಕಂಡರಾಗದು. ಊಟದ ತಟ್ಟೆಯ ಹತ್ತಿರ ಒಂದು ಸುಳಿದರೂ ಟವೆಲ್ ಬೀಸಿಕೊಂಡು ಮನೆಯಿಡೀ ಓಡಾಡುವವರು. ಅಂಥವರಿರುವ ತ್ಯಾಗರಾಜನಗರದ ಮನೆಗೆ ಡಿಸೆಂಬರಿನ ಒಂದು ಸಂಜೆ ನಾನು ಆಟೋದಲ್ಲಿ ನೊಣಗಳನ್ನೇ ಹೊತ್ತು ತಂದೆ. ಜಯನಗರದಲ್ಲಿರುವ ನಮ್ಮ ಲ್ಯಾಬಿಗೆ ಹೊಸ ವೈರಿಂಗ್ ಹಾಕುತ್ತಿದ್ದರು. ನೊಣದ ಸೀಸೆಗಳನ್ನು ಒಂದೇ ಹದದ ಬಿಸಿಯಲ್ಲಿ ಇಡುವ ಇನ್‌ಕ್ಯುಬೇಟರಿಗೆ ಕರೆಂಟ್ ಇರಲಿಲ್ಲ.

"ಬಾಳೆಹಣ್ಣಿಗೆ ಮುತ್ಕೊಳ್ಳುತ್ತಲ್ಲ, ಅದೇ ತಾನೆ? ಅಡುಗೆಮನೇಲೇ ಬೇಕಾದಷ್ಟಿದೆ. ಕಾಲೇಜಿಂದ ಬೇರೆ ತರ್ಬೇಕಿತ್ತಾ?" ಎಂದರು ಅತ್ತೆ. ಸೀಸೆಯ ತಳದಲ್ಲಿದ್ದ ನೊಣದ ಆಹಾರ ರವೆ, ಬೆಲ್ಲ, ಈಸ್ಟ್ ಹಾಕಿ ಕುದಿಸಿದ್ದು ಎಂದು ತಿಳಿದ ಮೇಲಂತೂ, "ನೊಣಕ್ಕೆ ಸಜ್ಜಿಗೆ ಮಾಡಿ ಹಾಕ್ತಾಳೆ ನಮ್ಮ ಸೊಸೆ" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದರು.

ನಗಲಿ ಬಿಡಿ ಎಂದುಕೊಂಡೆ. ನನ್ನ ತಲೆಯಲ್ಲಿ ಬೇರೆಯದೇ ಚಿಂತೆ. ಮಗಳು ಹೈಸ್ಕೂಲು ಸೇರಿದ ಮೇಲೆ ಪಿಎಚ್‌ಡಿಗೆ ಕೂತವಳು ನಾನು. ನಮ್ಮ ಗೈಡ್ ಮೇಡಂ ಬರುವ ಮಾರ್ಚ್ ಕೊನೆಗೆ ರಿಟೈರ್ ಆಗುವವರಿದ್ದರು, ಅವರ ಜೊತೆಗೇ ಲ್ಯಾಬೂ ಮುಚ್ಚುತ್ತಿತ್ತು. ಅಷ್ಟರೊಳಗೆ ಈ ಸೀಸೆಗಳಿಂದ ಉತ್ತರ ಸಿಗದಿದ್ದರೆ ನನ್ನ ಅಷ್ಟೂ ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಪ್ರಶ್ನೆ ಇಷ್ಟೇ. ಜೀವಕೋಶದಲ್ಲಿ ಡಿಎನ್‌ಎಯ ಕೆಲವು ಭಾಗಗಳು, ಮಡಿಸಿ ಬೀರುವಿನೊಳಗೆ ಒತ್ತಿಟ್ಟ ರೇಷ್ಮೆ ಸೀರೆಯ ಹಾಗೆ, ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಮಡಿಕೆ ಬಿಚ್ಚದಂತೆ ಹಿಡಿದಿಡುವುದು ಕೆಲವು ಪ್ರೋಟೀನುಗಳು. ನಮ್ಮ ನೊಣಗಳಲ್ಲಿ ಕಣ್ಣಿಗೆ ಕೆಂಪು ಕೊಡುವ ಜೀನು ಇಂಥ ಮಡಿಕೆಯ ಪಕ್ಕಕ್ಕೆ ಹೋಗಿ ಕೂತಿದೆ. ಕೆಲವು ಕೋಶಗಳಲ್ಲಿ ಅದೂ ಮಡಿಕೆಗೆ ಸಿಕ್ಕಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕಣ್ಣೆಲ್ಲ ಬಿಳಿ, ಅಲ್ಲಲ್ಲಿ ಕೆಂಪು ಚುಕ್ಕೆ. ನಾನು ಹಿಂದೆ ಬಿದ್ದಿದ್ದ ಪ್ರೋಟೀನು ಕಡಿಮೆಯಾದರೆ ಕ್ರೋಮೋಸೋಮುಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡು, ಕೋಶ ಒಡೆದು ಎರಡಾಗುವಾಗ ಹರಿದುಹೋಗುತ್ತಿದ್ದವು. ಅದನ್ನು ಆಗಲೇ ನೋಡಿದ್ದೆ. ಅದೇ ಪ್ರೋಟೀನು ಜೀನಿನ ಬಾಯಿಯನ್ನೂ ಮುಚ್ಚಿಸುತ್ತದೆಯೇ? ಹೌದಾದರೆ, ಅದು ಕಡಿಮೆಯಿರುವ ನೊಣಗಳ ಕಣ್ಣು ಹೆಚ್ಚು ಕೆಂಪಾಗಬೇಕು.

ಸೀಸೆಗಳನ್ನೆಲ್ಲ ನಡುಮನೆಯ ಶೋಕೇಸಿನಲ್ಲಿ ಒಂದೇ ಸಾಲಿಗೆ ಜೋಡಿಸಿದೆ. ನೀಲಿ ಟೇಪಿನವು ಮಾಮೂಲಿ ನೊಣ, ಹಳದಿ ಟೇಪಿನವು ಪ್ರೋಟೀನು ಕಡಿಮೆಯಿರುವವು. ಒಳಗಿದ್ದದ್ದು ಇನ್ನೂ ರೆಕ್ಕೆ ಬಾರದ ಮರಿಹುಳುಗಳು. ಅಷ್ಟರಲ್ಲಿ ತಂಗಿಗೆ ಹೆರಿಗೆಯಾಯಿತೆಂದು ಫೋನು ಬಂತು. ವಾರದ ಮಟ್ಟಿಗೆ ಮೈಸೂರಿಗೆ ಹೊರಟೆ. "ಸೀಸೆ ಮುಟ್ಬೇಡಿ, ಬಿಸಿಲು ಬೀಳದ ಹಾಗೆ ನೋಡ್ಕೊಳ್ಳಿ ಸಾಕು" ಎಂದು ಅತ್ತೆಗೆ ಹೇಳಿದ್ದೆ.

ವಾಪಸು ಬಂದಾಗ ಸೀಸೆಗಳು ಇಟ್ಟ ಹಾಗೇ ಸಾಲಾಗಿದ್ದವು. ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನಡಿ ನೋಡುತ್ತೇನೆ, ಹಳದಿ ಟೇಪಿನ ನೊಣಗಳ ಕಣ್ಣು ದಾಳಿಂಬೆ ಕಾಳಿನ ಹಾಗೆ ಕೆಂಪು! ಕುಣಿಯುವುದೊಂದು ಬಾಕಿ. ಮೇಡಂ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಚೆನ್ನಾಗಿದೆ. ಆದ್ರೆ ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲೀಬೇಡಿ" ಎಂದರು. ನಾನು ಕೇಳಬೇಕಲ್ಲ! ದಾರಿಯಲ್ಲಿ ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡೇ ಮನೆಗೆ ಹೋದೆ.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಬೀಗಿದರು. "ಮತ್ತೆ? ನೋಡ್ಕೊಂಡಿದ್ದು ಯಾರು? ಆ ಹಳದಿ ಪಟ್ಟಿಯವು ಪಾಪ, ಮೇಲೇ ಏಳ್ತಿರ್ಲಿಲ್ಲ. ನೀಲಿ ಸೀಸೇಲಿ ಹುಳ ಗೋಡೆ ಹತ್ತಿದ್ರೆ ಇವು ತಳದಲ್ಲೇ ಬಿದ್ಕೊಂಡಿದ್ವು. ಈ ಚಳೀಲಿ ದೋಸೆ ಹಿಟ್ಟೇ ಹುಳಿ ಬರಲ್ಲ, ಇವೇನು ಬರ್ತಾವೆ? ಹಿಟ್ಟಿನ ಪಾತ್ರೆ ಜೊತೆ ಇವನ್ನೂ ಬೆಚ್ಚಗಿರೋ ಇನ್ವರ್ಟರ್ ಮೇಲೆ ಇಟ್ಟುಬಿಟ್ಟೆ. ನೀನು ಬರೋ ದಿನ ಬೆಳಿಗ್ಗೆ ಮತ್ತೆ ಶೋಕೇಸಿಗೆ ಎತ್ತಿಟ್ಟಿದ್ದು. ಎಷ್ಟು ಚೆನ್ನಾಗಿ ಎದ್ವು ಗೊತ್ತಾ!"

ನಾನು ಮೈಸೂರುಪಾಕಿನ ಡಬ್ಬಿ ಕೆಳಗಿಟ್ಟೆ. ಬಿಸಿಯಲ್ಲಿ ಬೆಳೆದ ನೊಣದಲ್ಲಿ ಆ ಮಡಿಕೆ ತಾನಾಗಿಯೇ ಸಡಿಲವಾಗುತ್ತದೆ, ಕಣ್ಣು ಕೆಂಪಾಗುತ್ತದೆ. ಚಳಿಯಲ್ಲಿ ಬಿಳಿ ಹೆಚ್ಚು. ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅತ್ತೆ ಎಲ್ಲ ಸೀಸೆಗಳನ್ನೂ ಇನ್ವರ್ಟರ್ ಮೇಲೆ ಇಟ್ಟಿದ್ದರೆ ಚಿಂತೆಯಿರಲಿಲ್ಲ. ಸೊರಗಿದವು ಎಂದು ಕನಿಕರಪಟ್ಟು ಹಳದಿಯವನ್ನಷ್ಟೇ ಇಟ್ಟಿದ್ದರು. ಆ ಕೆಂಪು ಪ್ರೋಟೀನಿನದೋ ಇನ್ವರ್ಟರಿನದೋ ಹೇಳುವವರು ಯಾರು?

ಕಣ್ಣೀರು ತಡೆಯಲಾಗಲಿಲ್ಲ. ಯಾಕೆಂದು ಹೇಳಬೇಕಾಯಿತು. ಅತ್ತೆ ಕೈಯಲ್ಲಿದ್ದ ಮೈಸೂರುಪಾಕಿನ ತುಂಡನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು. "ನಾನು ಹಾಳ್ಮಾಡ್ಬಿಟ್ನಾ?" ಎಂದರು.

ಮಾರನೆಯ ದಿನ ಮೇಡಂಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿ, "ನಿಮ್ಮತ್ತೆ ಅರ್ಧ ಎಕ್ಸ್‌ಪೆರಿಮೆಂಟ್ ಮಾಡಿದ್ದಾರೆ ಕಣ್ರೀ. ಉಳಿದರ್ಧ ನೀವು ಮಾಡಿ. ನೀಲೀನೂ ಹಳದೀನೂ ಬಿಸೀಲಿಡಿ, ಎರಡನ್ನೂ ತಣ್ಣಗೂ ಇಡಿ. ಎರಡು ಕಡೇನೂ ಹಳದಿ ಗೆದ್ರೆ ಆಮೇಲೆ ಯಾರೂ ನಿಮ್ಮನ್ನ ಅಲ್ಲಾಡ್ಸಕ್ಕಾಗಲ್ಲ" ಎಂದರು.

ಕರೆಂಟ್ ಬಂದಿತ್ತು. ಹೊಸದಾಗಿ ನೊಣಗಳನ್ನು ಜೋಡಿ ಮಾಡಿ ಮೊದಲಿನಿಂದ ಶುರು ಮಾಡಿದೆ. ಮನೆಯಲ್ಲಿ ಅತ್ತೆ ನೊಣದ ಸುದ್ದಿಯನ್ನೇ ಬಿಟ್ಟರು. ಬೀದಿಯಲ್ಲಿ ಸಜ್ಜಿಗೆಯ ತಮಾಷೆಯೂ ನಿಂತಿತು. ಸಂಜೆ ನಾನು ಬಂದ ಕೂಡಲೇ ಒಮ್ಮೆ ಮುಖ ನೋಡುವರು, ಏನೂ ಕೇಳದೆ ಕಾಫಿ ಕೊಟ್ಟು ಒಳಗೆ ಹೋಗುವರು. ಟವೆಲ್ ಬೀಸಿ ಬಯ್ಯುತ್ತಿದ್ದ ಅತ್ತೆಯೇ ವಾಸಿ ಅನ್ನಿಸುತ್ತಿತ್ತು ನನಗೆ.

ಸಂಕ್ರಾಂತಿ ಕಳೆದ ಮೇಲೆ ನೊಣಗಳು ಹೊರಬಂದವು. ಬಿಸಿಯಲ್ಲಿದ್ದ ನೀಲಿಯವು ಸ್ವಲ್ಪ ಕೆಂಪಾಗಿದ್ದವು, ಹಳದಿಯವು ಇನ್ನೂ ಕೆಂಪು. ಆಮೇಲೆ ತಣ್ಣಗೆ ಬೆಳೆದವನ್ನು ನೋಡಿದೆ. ನೀಲಿಯವುಗಳ ಕಣ್ಣು ಹೆಚ್ಚುಕಡಿಮೆ ಪೂರ್ತಿ ಬಿಳಿ. ಹಳದಿಯವುಗಳದು ಮುಕ್ಕಾಲುಪಾಲು ಕೆಂಪು. ಮೇಡಂ ಈ ಸಲ ಕುಲಾವಿಯ ಮಾತೆತ್ತಲಿಲ್ಲ. "ಬರೆಯೋಕೆ ಕೂತ್ಕೊಳ್ಳಿ" ಎಂದರು.

ಮನೆಗೆ ಫೋನು ಮಾಡಿ ಹೇಳಬಹುದಿತ್ತು. ಮನಸ್ಸು ಬರಲಿಲ್ಲ. ಆಟೋ ಹಿಡಿದು ಹೋಗಿ, ಇದ್ದ ಸೀರೆಯಲ್ಲೇ ಅತ್ತೆಯನ್ನು ಹೊರಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ "ನಾನ್ಯಾಕೆ ಅಲ್ಲಿಗೆಲ್ಲ" ಎನ್ನುತ್ತಲೇ ಇದ್ದರು. ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಎರಡು ನೊಣಗಳನ್ನು ಅಕ್ಕಪಕ್ಕ ಮಲಗಿಸಿ ತೋರಿಸಿದೆ. ಅತ್ತೆ ಒಂದನ್ನು ನೋಡಿ, ಇನ್ನೊಂದನ್ನು ನೋಡಿದರು.

"ಈ ಕೆಂಪು ಬಿಸೀಗೆ ಬಂದಿದ್ದಲ್ವಾ?"

"ಅಲ್ಲ ಅತ್ತೆ. ಎರಡೂ ಚಳೀಲೇ ಬೆಳೆದಿದ್ದು, ಒಂದೇ ಕಡೆ."

"ಅಂದ್ರೆ ನಿನ್ನ ಓದು ಕೆಟ್ಟಿಲ್ಲ."

"ಕೆಟ್ಟಿಲ್ಲ."

ಅವರು ತಲೆಯೆತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲ ಮಂಜಾಗೋಯ್ತು, ತಡಿ" ಎಂದು ಮತ್ತೆ ಬಗ್ಗಿ ನೊಣವನ್ನು ನೋಡಿದರು.