ಕ್ಯಾಮೆರಾ ಬಿಚ್ಚಲು ಅಂಜುವ ಫರಹತ

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಫರಹತ ತನ್ನ ಮೊಬೈಲ್ ರಿಪೇರಿ ಅಂಗಡಿಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಬಂದ್ ಮಾಡಿ ಕೂತಿದ್ದಾಳೆ. ಕ್ಯಾಮೆರಾ ಬಿಚ್ಚುವ ಕೆಲಸಕ್ಕೆ ಇದೇ ಹೊತ್ತು. ಎಂಟು ಗಂಟೆಯಾದರೆ ಟಂಟಂ ಆಟೋಗಳು ಧೂಳೆಬ್ಬಿಸುತ್ತವೆ. ಒಂದು ಕಣ ಲೆನ್ಸಿನೊಳಗೆ ಬಿದ್ದರೂ ಕೆಲಸ ಕೆಟ್ಟಿತು.

ಎದುರಿಗೆ ಯಂಕಂಚಿಯಿಂದ ಮೊದಲ ಬಸ್ಸಿಗೆ ಬಂದ ಅತಿಥಿ ಶಿಕ್ಷಕಿ ವಿಜಯಲಕ್ಷ್ಮಿ. ದೃಷ್ಟಿ ತೀರಾ ಮಂದ. ಮಕ್ಕಳ ನೋಟ್‌ಬುಕ್ಕಿನ ಮೇಲೆ ಫೋನ್ ಹಿಡಿದು, ಅಕ್ಷರ ದೊಡ್ಡದು ಮಾಡಿಕೊಂಡೇ ಓದಬೇಕು. ಹದಿನೈದು ದಿನಗಳಿಂದ ಫೋನಿನಲ್ಲೂ ಎಲ್ಲ ಮಸುಕು. ಹಳೆಯ ಮಾದರಿ, ಬಿಡಿಭಾಗ ಸಿಗುವುದಿಲ್ಲ. ಹೊಸ ಫೋನ್ ಅವರ ಸಂಬಳಕ್ಕೆ ದೂರದ ಮಾತು.

"ನನ್ನ ಕಣ್ಣಿನ ಸುದ್ದಿ ಸಾಲ್ಯಾಗ ಯಾರಿಗೂ ಗೊತ್ತಿಲ್ಲ ತಂಗಿ. ಗೊತ್ತಾದ್ರ ಮುಂದಿನ ವರ್ಷ ನನ್ನ ಕರಿಯೂದಿಲ್ಲ," ಎನ್ನುತ್ತಾರೆ ಅವರು. ಆ ಮಾತು ಕೇಳಿದಾಗಿನಿಂದ ಫರಹತಳಿಗೆ ಫೋನ್ ಬಿಚ್ಚಲು ಇನ್ನಷ್ಟು ಅಂಜಿಕೆ.

ಮೂವತ್ತಾರರ ಫರಹತ, ವಾಚ್ ರಿಪೇರಿಯ ಗೈಬುಸಾಬರ ಮಗಳು. ಹತ್ತನೇ ವಯಸ್ಸಿಗೇ ಅಪ್ಪನ ಚಿಮಟ ಹಿಡಿದವಳು. ದಿನಕ್ಕೆ ಹದಿನೈದು ಫೋನ್ ಬರುತ್ತವೆ, ಅವುಗಳಲ್ಲಿ ಎರಡೋ ಮೂರೋ ಕ್ಯಾಮೆರಾದ ದೂರು. ಫೋಟೊ ತಾನಾಗಿ ಸ್ಪಷ್ಟವಾಗುವುದು ಹೇಗೆಂದು ಕೇಳಿದರೆ ಬೆರಳೆತ್ತುತ್ತಾಳೆ.

"ಒಂದ್ ಕಣ್ಣ ಮುಚ್ಚಿ ಬೆರಳ ನೋಡ್ರಿ, ಆಮ್ಯಾಲ ಇನ್ನೊಂದ್ ಮುಚ್ಚಿ ನೋಡ್ರಿ. ಬೆರಳ ಸರದಂಗ ಕಾಣತೈತಲ್ಲ? ಫೋನೂ ಹಂಗ ಎಡಕ್ಕ, ಬಲಕ್ಕ ಕಂಡದ್ದನ್ನ ಹೋಲಿಸಿ ನೋಡಿ, ಲೆನ್ಸ್ ಮುಂದ ಸರೀಬೇಕೋ ಹಿಂದ ಸರೀಬೇಕೋ ತಿಳಕೋತೈತ್ರಿ."

ಅದೂ ಸಾಲದಿದ್ದರೆ, ಅಂಚು ಚೊಕ್ಕವಾಗುವವರೆಗೆ ಲೆನ್ಸನ್ನು ಹಿಂದೆ ಮುಂದೆ ಆಡಿಸುತ್ತದೆ. ಸರಿಸುವುದು ಪುಟ್ಟ ತಂತಿಸುರುಳಿ ಮತ್ತು ಅಯಸ್ಕಾಂತ. ಲೆನ್ಸ್ ಕೂದಲೆಳೆಯಂಥ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ, ಅದರ ಓಡಾಟವೆಲ್ಲ ಉಗುರಿನ ದಪ್ಪದಷ್ಟು. ಎರಡು ವರ್ಷದ ಹಿಂದೆ ಅಜ್ಜನೊಬ್ಬನ ಫೋನಿನಲ್ಲಿ ಅಂಥದೊಂದು ಸ್ಪ್ರಿಂಗ್ ಇವಳ ಕೈಯಲ್ಲೇ ಮುರಿಯಿತು.

"ಆ ಅಜ್ಜ ಒಂದ್ ಮಾತೂ ಅನಲಿಲ್ರಿ. ಬೈದಿದ್ರ ಮರೀತಿದ್ದೆ."

ವಿಜಯಲಕ್ಷ್ಮಿ ಬರುತ್ತಿರುವುದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಅಂಗಡಿಯಲ್ಲಿ ಕ್ಯಾಮೆರಾ ಸರಿಯಾಗಿಯೇ ಇತ್ತು, ಊರಿಗೆ ಹೋದರೆ ಮತ್ತೆ ಮಸುಕು. ಇವತ್ತೂ ಇಲ್ಲಿ ಚೊಕ್ಕವಾಗಿಯೇ ಕಾಣುತ್ತಿದೆ. ಸ್ಪ್ರಿಂಗ್ ಸಿಕ್ಕಿಕೊಳ್ಳುತ್ತಿರಬೇಕು, ಬಿಚ್ಚದೆ ಗತಿಯಿಲ್ಲ. ಫರಹತ ಅಂಟು ಸಡಿಲಿಸಲು ಬಿಸಿಗಾಳಿಯ ಯಂತ್ರ ಹಚ್ಚುತ್ತಾಳೆ, ಆರಿಸುತ್ತಾಳೆ, ಮತ್ತೆ ಹಚ್ಚುತ್ತಾಳೆ. ಕೈ ಮುಂದೆ ಹೋಗುವುದಿಲ್ಲ.

"ತಡಿ ತಂಗಿ, ಇದೊಂದ್ ಹಾಳಿ ಆದ್ರ ಓದಾಕ ನೋಡತೇನಿ. ಆಮ್ಯಾಲ ಏನಾಗತೈತೋ!" ವಿಜಯಲಕ್ಷ್ಮಿ ಫೋನನ್ನು ಬದಿಗಿಟ್ಟಿದ್ದ ತಮ್ಮ ಹೊಸ ಕವರಿಗೆ ಹಾಕಿ, ಮುಚ್ಚಳ ಹಿಂದಕ್ಕೆ ಮಡಚಿ, ನೋಟ್‌ಬುಕ್ಕಿನ ಮೇಲೆ ಹಿಡಿಯುತ್ತಾರೆ. ಅಕ್ಷರಗಳು ಕಲಸಿಹೋಗುತ್ತವೆ.

ಫರಹತ ಬಗ್ಗಿ ನೋಡುತ್ತಾಳೆ. ಈಗಿನ್ನೂ ಸರಿಯಿತ್ತಲ್ಲ! ಕಣ್ಣು ಕವರಿನ ಮೇಲೆ ನಿಲ್ಲುತ್ತದೆ. ಮುಚ್ಚಳ ಹಿಡಿದಿಡುವ ಅಯಸ್ಕಾಂತ ಲೆನ್ಸಿನ ಮಗ್ಗುಲಿಗೇ ಬಂದು ಕೂತಿದೆ. ಕವರ್ ಕಿತ್ತರೆ ಅಕ್ಷರ ಚೊಕ್ಕ. ಹಾಕಿದರೆ ಮಸುಕು. ಹೊರಗಿನ ಅಯಸ್ಕಾಂತ ಒಳಗಿನ ಲೆನ್ಸನ್ನು ಜಗ್ಗುತ್ತಿದೆ. ಯಾರದೇ ಫೋನ್ ಬಂದರೂ ಮೊದಲು ಕವರ್ ತೆಗೆದು ಬದಿಗಿಡುವುದು ಇವಳ ರೂಢಿ. ಹಾಗಾಗಿ ರೋಗ ಪ್ರತಿ ಸಲ ಕವರಿನ ಜೊತೆಗೇ ಯಂಕಂಚಿಗೆ ಮರಳುತ್ತಿತ್ತು.

"ಯಾ ಅಲ್ಲಾ! ಕಂಕುಳಾಗ ಕೂಸ ಇಟಗೊಂಡು ಊರೆಲ್ಲಾ ಹುಡಿಕಿದಂಗಾತಲ್ರಿ ಅಕ್ಕೋರ! ತಪ್ಪ ನಂದ. ಕವರ್ ಸಮೇತ ನೋಡಬೇಕಾಗಿತ್ತು."

ವಿಜಯಲಕ್ಷ್ಮಿ ಅಳುತ್ತಲೇ ನಗುತ್ತಾರೆ. ಕವರನ್ನು ಅಲ್ಲೇ ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಾರೆ. ಫರಹತ ಬಿಸಿಗಾಳಿಯ ಯಂತ್ರ ಆರಿಸಿ ಬದಿಗಿಡುತ್ತಾಳೆ. ಇನ್ನೈದು ನಿಮಿಷ ಕಳೆದಿದ್ದರೆ ನೆಟ್ಟಗಿದ್ದ ಕ್ಯಾಮೆರಾವನ್ನೇ ಬಿಚ್ಚಿರುತ್ತಿದ್ದಳು.

"ಇಷ್ಟ್ ವರ್ಷ ಆದ್ರೂ ಅಂಜತೀಯಲ್ಲ ಅಂತ ಮಂದಿ ನಗತಾರ," ಎನ್ನುತ್ತಾಳೆ, ಎರಡೂ ಕೈ ಮಡಿಲಲ್ಲಿ ಒತ್ತಿಕೊಂಡು. "ನಗಲಿ ಬಿಡ್ರಿ. ನಾ ಅಂಜಿ ತಡಾ ಮಾಡಿದ್ದಕ್ಕ ಅಕ್ಕೋರು ಇವತ್ತ ನೋಟ್‌ಬುಕ್ ತಿದ್ದತಾರ ನೋಡ್ರಿ."